ಕ್ಯಾಮೆರಾ ಎಣಿಸಿದ್ದನ್ನು ಜನರಿಗೂ ತೋರಿಸಿ: ವಿಧಾನಸಭೆಯ ಸಭಾಧ್ಯಕ್ಷರಿಗೊಂದು ಬಹಿರಂಗ ಪತ್ರ

ಇವರಿಗೆ,
ಶ್ರೀ ಯು.ಟಿ. ಖಾದರ್ ಅವರು,
ಮಾನ್ಯ ಸಭಾಧ್ಯಕ್ಷರು, ಕರ್ನಾಟಕ ವಿಧಾನಸಭೆ,
ವಿಧಾನಸೌಧ, ಬೆಂಗಳೂರು.

ವಿಷಯ: ಶಾಸಕರ ಹಾಜರಾತಿ ಮತ್ತು ಶಾಸನ ರಚನೆಯ ದಾಖಲೆಯನ್ನು ಸಾರ್ವಜನಿಕರ ಮುಂದಿಡುವಂತೆ ಕೋರಿಕೆ.

ಮಾನ್ಯರೇ,

ಶಾಸಕರು ಸದನಕ್ಕೆ ಬರುವಂತೆ ಮಾಡಲು ತಮ್ಮಷ್ಟು ಬಗೆಬಗೆಯ ಉಪಾಯಗಳನ್ನು ಹುಡುಕಿದ ಸಭಾಧ್ಯಕ್ಷರು ಇತ್ತೀಚಿನ ವರ್ಷಗಳಲ್ಲಿ ಇರಲಿಕ್ಕಿಲ್ಲ. 2023ರ ಮೇ ತಿಂಗಳಲ್ಲಿ ಪೀಠವೇರಿದ ಮೇಲೆ ತಾವು ಬೆಳಿಗ್ಗೆ ಬೇಗ ಬಂದ ಸದಸ್ಯರ ಹೆಸರನ್ನು ಸದನದಲ್ಲಿ ಓದಿ ಹೇಳಿದಿರಿ. ಊಟಕ್ಕೆಂದು ಹೊರಗೆ ಹೋದವರು ಮರಳಿ ಬರುವುದು ಕಷ್ಟವೆಂದು ಕಂಡು ಊಟದ ವ್ಯವಸ್ಥೆಯನ್ನು ಅಲ್ಲಿಯೇ ಮಾಡಿಸಿದಿರಿ. 2024ರ ಮಳೆಗಾಲದ ಅಧಿವೇಶನದ ಹೊತ್ತಿಗೆ ಸದಸ್ಯರ ಮುಖ ಗುರುತಿಸಿ, ಅವರು ಒಳಬಂದ ಮತ್ತು ಹೊರಹೋದ ವೇಳೆಯನ್ನು ದಾಖಲಿಸುವ ಕೃತಕ ಬುದ್ಧಿಮತ್ತೆಯ ಕ್ಯಾಮೆರಾಗಳನ್ನು ಅಳವಡಿಸಿದಿರಿ. 2025ರ ಬಜೆಟ್ ಅಧಿವೇಶನದ ಸಮಯಕ್ಕೆ, ಊಟದ ನಂತರ ಕೊಂಚ ಒರಗಿ ವಿಶ್ರಮಿಸಲೆಂದು ರಿಕ್ಲೈನರ್ ಕುರ್ಚಿಗಳ ಏರ್ಪಾಟಿಗೂ ಮುಂದಾದಿರಿ. ಕುರ್ಚಿಯ ವಿಷಯಕ್ಕೆ ನಾಡು ನಕ್ಕಿತು. ನನಗೆ ನಗು ಬರಲಿಲ್ಲ. ಮಧ್ಯಾಹ್ನದ ಮೇಲೆ ಸದನ ಖಾಲಿಯಾಗುತ್ತದೆ ಎಂಬ ಸತ್ಯವನ್ನು ಪೀಠದಲ್ಲಿರುವವರೇ ಅಷ್ಟು ಬಹಿರಂಗವಾಗಿ ಒಪ್ಪಿಕೊಂಡದ್ದು ಸಣ್ಣ ಸಂಗತಿಯಲ್ಲ.

ತಮ್ಮ ಈ ಪ್ರಯತ್ನಗಳನ್ನು ಮೆಚ್ಚಿಕೊಂಡೇ ಈ ಪತ್ರ ಬರೆಯುತ್ತಿದ್ದೇನೆ. ನನ್ನ ಅಹವಾಲು ಇಷ್ಟೆ: ಬಾಗಿಲಲ್ಲಿ ನಡೆಯುತ್ತಿರುವ ಎಣಿಕೆಯ ಫಲವನ್ನು ಆ ಸದಸ್ಯರನ್ನು ಆರಿಸಿ ಕಳುಹಿಸಿದ ಮತದಾರರಿಗೂ ತಲುಪಿಸಬೇಕು, ಮತ್ತು ಎಣಿಕೆ ಬಾಗಿಲಲ್ಲಿಯೇ ನಿಲ್ಲದೆ ಸದನದೊಳಗೆ ನಡೆಯುವ ಮುಖ್ಯ ಕೆಲಸದ, ಅಂದರೆ ಕಾನೂನು ಮಾಡುವ ಕೆಲಸದ ತನಕ ಹೋಗಬೇಕು.

ನಾನು ಪದವಿಪೂರ್ವ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಹೇಳಿ ನಿವೃತ್ತನಾದವನು. ಶೇ 75 ಹಾಜರಾತಿ ಇಲ್ಲದ ವಿದ್ಯಾರ್ಥಿಯನ್ನು ಪರೀಕ್ಷೆಗೆ ಕೂರಿಸುವುದಿಲ್ಲ, ಶಾಸಕರಿಗೇಕೆ ಆ ನಿಯಮವಿಲ್ಲ ಎಂದು ಕೇಳುವವರು ಎಲ್ಲ ಊರಲ್ಲೂ ಸಿಗುತ್ತಾರೆ. ವೃತ್ತಿಜೀವನವನ್ನೆಲ್ಲ ಹಾಜರಿ ಪುಸ್ತಕ ಹಿಡಿದು ಕಳೆದವನಾಗಿ ಈ ವಾದದ ಮೇಲೆ ನನಗೆ ಹೆಚ್ಚಿನ ನಂಬಿಕೆಯಿಲ್ಲ. ‘ಎಸ್ ಸಾರ್’ ಎಂದು ಕೂಗಿ ಹಿಂದಿನ ಬೆಂಚಿನಲ್ಲಿ ತೂಕಡಿಸಿದವನಿಗೂ ಶೇ 75 ಸಿಗುತ್ತದೆ. ಹಾಜರಾತಿ ಬೇಕೇಬೇಕು, ಆದರೆ ಅದು ಲೆಕ್ಕದ ಮೊದಲ ಸಾಲು ಮಾತ್ರ. ನಮ್ಮ ವಿಧಾನಸಭೆಯ ವಿಚಾರದಲ್ಲಿ ಆ ಮೊದಲ ಸಾಲನ್ನೂ ಜನ ಸಲೀಸಾಗಿ ಓದಲಾಗುತ್ತಿಲ್ಲ ಎಂಬುದು ಬೇಸರದ ಸಂಗತಿ.

ಲೋಕಸಭೆಯ ಜಾಲತಾಣವನ್ನು ತೆರೆದರೆ, ಯಾವ ಸದಸ್ಯರು ಯಾವ ಅಧಿವೇಶನದಲ್ಲಿ ಎಷ್ಟು ದಿನ ಸಹಿ ಹಾಕಿದ್ದಾರೆ ಎಂಬುದು ಸಾಮಾನ್ಯ ನಾಗರಿಕನಿಗೂ ಸಿಗುತ್ತದೆ. ಅದರಲ್ಲೂ ಕೊರತೆಗಳಿವೆ. ಮಂತ್ರಿಗಳು ಮತ್ತು ವಿರೋಧ ಪಕ್ಷದ ನಾಯಕರು ಅಲ್ಲಿ ಸಹಿ ಹಾಕಬೇಕಿಲ್ಲ. ಬೆಳಿಗ್ಗೆ ಸಹಿ ಹಾಕಿ ಸಂಜೆಯವರೆಗೆ ಬೇರೆಲ್ಲೋ ಇದ್ದವರೂ ಆ ದಿನ ಹಾಜರಿದ್ದವರೇ ಆಗುತ್ತಾರೆ. ಆದರೂ ಕ್ಷೇತ್ರದ ಜನರಿಗೆ ಕೇಳಲು ಒಂದು ಆಧಾರ ಸಿಗುತ್ತದೆ. ನಮ್ಮ ವಿಧಾನಸಭೆಯ 224 ಸದಸ್ಯರಲ್ಲಿ ತನ್ನ ಕ್ಷೇತ್ರದವರು ಕಳೆದ ಅಧಿವೇಶನದಲ್ಲಿ ಎಷ್ಟು ದಿನ ಬಂದರು, ಎಷ್ಟು ಹೊತ್ತು ಕೂತರು, ಯಾವ ವಿಧೇಯಕದ ಮೇಲೆ ಮಾತಾಡಿದರು ಎಂಬುದನ್ನು ಒಬ್ಬ ಮತದಾರ ಒಂದೇ ಕಡೆ ನೋಡಿ ತಿಳಿಯುವ ಏರ್ಪಾಡು ಇಲ್ಲ. ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬೇಕು, ಇಲ್ಲವೇ ಪತ್ರಕರ್ತರೊಬ್ಬರು ಹಾಕಿದ ಅರ್ಜಿಗೆ ಉತ್ತರ ಬಂದು ಅದು ಸುದ್ದಿಯಾಗುವವರೆಗೆ ಕಾಯಬೇಕು. ತಾವು ಅಳವಡಿಸಿದ ಕ್ಯಾಮೆರಾದಿಂದ ಹಳೆಯ ಸಹಿ ಪುಸ್ತಕಕ್ಕಿಂತ ಎಷ್ಟೋ ನಿಖರವಾದ ದಾಖಲೆ ಸಿದ್ಧವಾಗುತ್ತದೆ. ಇಷ್ಟು ನಿಖರವಾದ ದಾಖಲೆ ಪೀಠದ ಮೇಜಿನಲ್ಲಿಯೇ ಉಳಿದರೆ, ಅದರಿಂದ ಸದಸ್ಯರಿಗೆ ತಮ್ಮಿಂದ ಒಂದು ಬುದ್ಧಿಮಾತು ಸಿಗಬಹುದು, ಅಷ್ಟೆ. ಮತದಾರನಿಗೆ ಏನೂ ಸಿಗುವುದಿಲ್ಲ.

ಸಂವಿಧಾನ ಈ ವಿಷಯದಲ್ಲಿ ಬಹಳ ಉದಾರವಾಗಿದೆ. 189ನೇ ವಿಧಿಯ ಪ್ರಕಾರ ಒಟ್ಟು ಸದಸ್ಯರ ಹತ್ತನೇ ಒಂದು ಭಾಗ ಹಾಜರಿದ್ದರೆ ಕೋರಂ, ಅಂದರೆ ಸದನ ನಡೆಸಲು ಬೇಕಾದ ಕನಿಷ್ಠ ಹಾಜರಾತಿ, ಆಯಿತು. 224ರ ಸದನದಲ್ಲಿ ಆ ಲೆಕ್ಕ 23ಕ್ಕೆ ಬಂದು ನಿಲ್ಲುತ್ತದೆ. ಅಂದರೆ ಏಳು ಕೋಟಿಯ ಆಸುಪಾಸಿನ ಜನಕ್ಕೆ ಅನ್ವಯಿಸುವ ಕಾನೂನೊಂದು 23 ಮಂದಿಯ ಎದುರು ಅಂಗೀಕಾರವಾದರೂ ಅದು ಊರ್ಜಿತವೇ. 190ನೇ ವಿಧಿ ಸದನದ ಅನುಮತಿಯಿಲ್ಲದೆ 60 ದಿನ ಗೈರಾದ ಸದಸ್ಯನ ಸ್ಥಾನವನ್ನು ತೆರವೆಂದು ಘೋಷಿಸುವ ಅಧಿಕಾರವನ್ನು ಸದನಕ್ಕೆ ಕೊಟ್ಟಿದೆ. ಆದರೆ ಅಧಿವೇಶನ ಮುಕ್ತಾಯಗೊಂಡ ಅವಧಿ, ಸತತ ನಾಲ್ಕು ದಿನಕ್ಕಿಂತ ಹೆಚ್ಚು ಮುಂದೂಡಿದ ಅವಧಿ, ಇವು ಆ ಲೆಕ್ಕಕ್ಕೆ ಸೇರುವುದಿಲ್ಲ. ನಡುವೆ ಒಂದು ದಿನ ಮುಖ ತೋರಿಸಿದರೆ ಎಣಿಕೆ ಮತ್ತೆ ಒಂದರಿಂದ. ಇಂಥ ಜರಡಿಯಲ್ಲಿ ಯಾರೂ ಸಿಕ್ಕಿಬೀಳುವುದಿಲ್ಲ. ಸಂವಿಧಾನ ರಚಿಸಿದವರು ಇದನ್ನು ತಿಳಿಯದೆ ಮಾಡಿದ್ದೇನಲ್ಲ. ಸದಸ್ಯನ ಶ್ರದ್ಧೆಯನ್ನು ಅಳೆಯುವ ಕೆಲಸವನ್ನು ಅವರು ಮತದಾರನಿಗೆ ಬಿಟ್ಟರು. ಅಳೆಯಬೇಕಾದವನ ಕೈಗೆ ಅಳತೆಗೋಲು ಕೊಡಬೇಕೆಂಬುದಷ್ಟೇ ನನ್ನ ಮನವಿ.

ಇನ್ನು ಬರಿಯ ಹಾಜರಾತಿಯನ್ನು ನಂಬಿ ಕೂತರೆ ಏನಾಗುತ್ತದೆ ಎಂಬುದಕ್ಕೆ 2025ರ ಮಾರ್ಚ್ 21ರ ದಿನವನ್ನು ತಾವೇ ನೆನಪಿಸಿಕೊಳ್ಳಬೇಕು. ಅಂದು ಬಜೆಟ್ ಅಧಿವೇಶನದ ಕೊನೆಯ ದಿನ. ವಿರೋಧ ಪಕ್ಷದ ಸದಸ್ಯರು ಸದನದ ಬಾವಿಗಿಳಿದು, ಪೀಠದತ್ತ ನುಗ್ಗಿ, ವಿಧೇಯಕದ ಪ್ರತಿಗಳನ್ನು ಹರಿದು ತಮ್ಮ ಮೇಲೆ ತೂರಿದರು. 18 ಮಂದಿಯನ್ನು ಆರು ತಿಂಗಳ ಅವಧಿಗೆ ಅಮಾನತು ಮಾಡಲಾಯಿತು; ಮಾರ್ಷಲ್‌ಗಳು ಅವರನ್ನು ಎತ್ತಿಕೊಂಡು ಹೊರಗೆ ಒಯ್ದ ದೃಶ್ಯವನ್ನು ರಾಜ್ಯವೆಲ್ಲ ನೋಡಿತು. ಸರ್ಕಾರಿ ಗುತ್ತಿಗೆಗಳಲ್ಲಿ ಮೀಸಲಾತಿಗೆ ಸಂಬಂಧಿಸಿದ ತಿದ್ದುಪಡಿ ವಿಧೇಯಕ, ಮುಂದೆ ರಾಜ್ಯಪಾಲರು ರಾಷ್ಟ್ರಪತಿಗಳ ಪರಿಶೀಲನೆಗೆ ಕಾಯ್ದಿರಿಸುವಷ್ಟು ಗಂಭೀರವಾದ ಪ್ರಶ್ನೆಗಳಿದ್ದ ವಿಧೇಯಕ, ಆ ಗದ್ದಲದಲ್ಲಿಯೇ ಅಂಗೀಕಾರವಾಯಿತು. ಅದೇ ದಿನ, ಅದೇ ಗದ್ದಲದ ನಡುವೆ, ಚರ್ಚೆಯೇ ಇಲ್ಲದೆ, ಮಂತ್ರಿಗಳ ಹಾಗೂ ಶಾಸಕರ ಸಂಬಳ ಹೆಚ್ಚಿಸುವ ವಿಧೇಯಕಗಳೂ ಪಾಸಾದವು. ಶಾಸಕರ ಮೂಲ ವೇತನ ತಿಂಗಳಿಗೆ 40,000 ರೂಪಾಯಿಯಿಂದ 80,000 ರೂಪಾಯಿಗೆ, ಮುಖ್ಯಮಂತ್ರಿಗಳದ್ದು 75,000 ರೂಪಾಯಿಯಿಂದ 1.5 ಲಕ್ಷಕ್ಕೆ ಏರಿತು.

ಆ ದಿನದ ಹಾಜರಾತಿಯನ್ನು ಕ್ಯಾಮೆರಾ ಹೇಗೆ ಎಣಿಸಿರಬೇಕೆಂದು ಯೋಚಿಸಿ. ಕಾಗದ ಹರಿದ 18 ಮಂದಿಯೂ ಹಾಜರು. ಅವರನ್ನು ನೋಡುತ್ತ ಕೂತವರೂ ಹಾಜರು. ತಮ್ಮ ಸಂಬಳ ಇಮ್ಮಡಿಯಾಗುವುದನ್ನು ಸುಮ್ಮನೆ ಆಲಿಸಿದವರೂ ಹಾಜರು. ಹಾಜರಾತಿಯ ಲೆಕ್ಕದಲ್ಲಿ ಅದು ಒಳ್ಳೆಯ ದಿನವೇ ಇದ್ದೀತು. ಶಾಸನ ರಚನೆಯ ಲೆಕ್ಕದಲ್ಲಿ ನಾನು ಕಂಡ ಅತಿ ಬಡ ದಿನಗಳಲ್ಲಿ ಅದೂ ಒಂದು. ಸಂಬಳ ಹೆಚ್ಚಳವೇ ತಪ್ಪೆಂದು ನಾನು ಹೇಳುತ್ತಿಲ್ಲ. ಪ್ರಾಮಾಣಿಕನಾಗಿ ಬದುಕಬೇಕೆಂದಿರುವ ಶಾಸಕನಿಗೆ ತಕ್ಕ ಸಂಬಳ ಬೇಕು ಎಂದೇ ನನ್ನ ಅಭಿಪ್ರಾಯ. ಆದರೆ ತಮ್ಮ ಕೂಲಿಯನ್ನು ತಾವೇ ನಿಗದಿ ಮಾಡಿಕೊಳ್ಳುವ ಅಧಿಕಾರ ಇರುವವರು ಅದನ್ನು ಕಾರಣ ಸಹಿತ, ಹೆಸರು ಸಹಿತ, ಎದ್ದು ನಿಂತು ಮಾಡಬೇಕು. ಧ್ವನಿಮತದಲ್ಲಿ ಯಾರ ಹೆಸರೂ ದಾಖಲಾಗುವುದಿಲ್ಲ. ನಮ್ಮ ಕ್ಷೇತ್ರದ ಶಾಸಕರು ಆ ದಿನ ಒಪ್ಪಿದರೋ, ವಿರೋಧಿಸಿದರೋ, ಕ್ಯಾಂಟೀನಿನಲ್ಲಿದ್ದರೋ ಎಂಬುದು ನಮಗೆ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳುವ ದಾರಿಯೂ ಇಲ್ಲ.

ಅಮಾನತಿನ ಬಗ್ಗೆಯೂ ವಿನಯದಿಂದಲೇ ಒಂದು ಮಾತು. ಪೀಠದ ಮೇಲೆ ಕಾಗದ ಎಸೆಯುವುದು ಯಾವ ಪಕ್ಷದವರು ಮಾಡಿದರೂ ಅಕ್ಷಮ್ಯ. 2023ರ ಜುಲೈನಲ್ಲಿ ಉಪಸಭಾಧ್ಯಕ್ಷರತ್ತ ಕಾಗದ ಎಸೆದ 10 ಮಂದಿ ಅಮಾನತಾದಾಗ, ಅಷ್ಟು ಶಿಸ್ತು ಬೇಕೇಬೇಕು ಎಂದವರಲ್ಲಿ ನಾನೂ ಒಬ್ಬ. ಆದರೆ ಆರು ತಿಂಗಳು ಎಂಬುದು ಬೇರೆ ಮಾತು. ಮಹಾರಾಷ್ಟ್ರ ವಿಧಾನಸಭೆ 12 ಶಾಸಕರನ್ನು ಒಂದು ವರ್ಷ ಅಮಾನತು ಮಾಡಿದ್ದ ಪ್ರಕರಣದಲ್ಲಿ, ನಡೆಯುತ್ತಿರುವ ಅಧಿವೇಶನದ ಉಳಿದ ಅವಧಿಯನ್ನು ಮೀರಿ ಅಮಾನತು ಮಾಡುವುದು ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲಿಯೇ ಹೇಳಿತ್ತು. ಅಂಥ ಅಮಾನತಿನ ಪೆಟ್ಟು ಬೀಳುವುದು ಶಾಸಕನಿಗಿಂತ ಹೆಚ್ಚಾಗಿ ಅವನ ಕ್ಷೇತ್ರಕ್ಕೆ. 2025ರ ಮೇ ತಿಂಗಳಲ್ಲಿ ತಾವು ಆ ಅಮಾನತನ್ನು ಹಿಂಪಡೆದದ್ದು ಸ್ವಾಗತಾರ್ಹ. ಒಂದು ಕಡೆ ಹಾಜರಾತಿಗೆಂದು ಊಟ, ಕುರ್ಚಿ, ಕ್ಯಾಮೆರಾ. ಇನ್ನೊಂದು ಕಡೆ 18 ಕ್ಷೇತ್ರಗಳಿಗೆ ಆರು ತಿಂಗಳ ಗೈರುಹಾಜರಿಯ ಆದೇಶ. ಇವೆರಡನ್ನೂ ಒಟ್ಟಿಗೆ ಸಮರ್ಥಿಸುವುದು ತಮಗೂ ಕಷ್ಟವಾಗಬಹುದು.

ಶಾಸನ ರಚನೆಯ ಈ ಅವಸರ ಇಂದಿನ ಸರ್ಕಾರದಿಂದ ಶುರುವಾದದ್ದಲ್ಲ ಎಂಬುದನ್ನೂ ಹೇಳಬೇಕು. 2020ರ ಡಿಸೆಂಬರ್ 9ರಂದು ಗೋಹತ್ಯೆ ನಿಷೇಧ ವಿಧೇಯಕವನ್ನು ವಿಧಾನಸಭೆಯಲ್ಲಿ ಮಂಡಿಸಿ, ವಿರೋಧ ಪಕ್ಷದ ಪ್ರತಿಭಟನೆಯ ನಡುವೆ ಅದೇ ದಿನ ಅಂಗೀಕರಿಸಲಾಯಿತು. ಪರಿಷತ್ತಿನಲ್ಲಿ ಅದು ಮುಂದೆ ಸಾಗದಿದ್ದಾಗ 2021ರ ಜನವರಿಯಲ್ಲಿ ಸುಗ್ರೀವಾಜ್ಞೆ ಬಂತು. ಫೆಬ್ರವರಿಯಲ್ಲಿ ಪರಿಷತ್ತು ಗದ್ದಲದಲ್ಲಿಯೇ ಧ್ವನಿಮತದಿಂದ ಒಪ್ಪಿತು. ಅಂದು ವಿರೋಧ ಪಕ್ಷದಲ್ಲಿ ಕೂತು ‘ಪ್ರಜಾಪ್ರಭುತ್ವದ ಕಗ್ಗೊಲೆ’ ಎಂದವರು ಇಂದು ಆಡಳಿತದಲ್ಲಿದ್ದಾರೆ. ಅಂದು ‘ಬಹುಮತ ನಮ್ಮದಿದೆ’ ಎಂದವರು ಇಂದು ಕಾಗದ ಹರಿಯುತ್ತಾರೆ. ಆಸನ ಬದಲಾದ ಕೂಡಲೇ ಮಾತು ಬದಲಾಗುವ ಈ ಆಟದಲ್ಲಿ ಬದಲಾಗದೆ ಉಳಿಯಬೇಕಾದ್ದು ಪೀಠ ಒಂದೇ. ಅದಕ್ಕಾಗಿಯೇ ಈ ಪತ್ರವನ್ನು ಮುಖ್ಯಮಂತ್ರಿಗಳಿಗೂ ವಿರೋಧ ಪಕ್ಷದ ನಾಯಕರಿಗೂ ಬರೆಯದೆ ತಮಗೆ ಬರೆದಿದ್ದೇನೆ.

ಭೂಸುಧಾರಣೆಯ ಕಾಯ್ದೆಯನ್ನೇ ತೆಗೆದುಕೊಳ್ಳಿ. 1961ರ ಮೂಲ ಕಾಯ್ದೆ ಒಂದು ದಿನದಲ್ಲಿ ಬಂದದ್ದಲ್ಲ. ಬಿ.ಡಿ. ಜತ್ತಿಯವರ ಅಧ್ಯಕ್ಷತೆಯ ಸಮಿತಿ ಗೇಣಿ ಪದ್ಧತಿಯನ್ನು ಅಧ್ಯಯನ ಮಾಡಿ ವರದಿ ಕೊಟ್ಟಿತು; ವಿಧೇಯಕ ಮಂಡನೆಯಾಗಿ ಉಭಯ ಸದನಗಳ ಜಂಟಿ ಸಮಿತಿಯ ಮುಂದೆ ಹೋಯಿತು; ಅಂಗೀಕಾರವಾಗಿ, ರಾಷ್ಟ್ರಪತಿಗಳ ಸಮ್ಮತಿ ಸಿಕ್ಕಿ, 1965ರ ಅಕ್ಟೋಬರ್ 2ರಂದು ಜಾರಿಗೆ ಬಂತು. ನಿಧಾನವಾಯಿತೆಂದು ಅಂದಿನ ಸಮಾಜವಾದಿಗಳು ಕಿಡಿಕಾರಿದ್ದು ಸರಿಯಾಗಿಯೇ ಇತ್ತು. ಅಷ್ಟರಲ್ಲಿ ಎಷ್ಟೋ ಗೇಣಿದಾರರನ್ನು ಒಕ್ಕಲೆಬ್ಬಿಸಲಾಗಿತ್ತು. ಆದರೂ ಯಾವ ಖಂಡಕ್ಕೆ ಯಾರು ಏನು ಹೇಳಿದರು ಎಂಬುದು ದಾಖಲೆಯಲ್ಲಿದೆ, ಇಂದಿಗೂ ಓದಬಹುದು. ಅದೇ ಕಾಯ್ದೆಗೆ ದೇವರಾಜ ಅರಸರ ಕಾಲದ ತಿದ್ದುಪಡಿಯಲ್ಲಿ ಗಟ್ಟಿಯಾಗಿ ಸೇರಿದ್ದ 79ಎ, 79ಬಿ ಕಲಂಗಳನ್ನು, ಅಂದರೆ ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳದಂತೆ ತಡೆಯುತ್ತಿದ್ದ ಕಲಂಗಳನ್ನು, 2020ರಲ್ಲಿ ಕೊರೊನಾ ಕಾಲದ ನಡುವೆ ಮೊದಲು ತೆಗೆದುಹಾಕಿದ್ದು ಸುಗ್ರೀವಾಜ್ಞೆಯಿಂದ. ಸದನದ ಒಪ್ಪಿಗೆ ಆಮೇಲೆ ಬಂತು. ಆ ತಿದ್ದುಪಡಿ ಸರಿಯೋ ತಪ್ಪೋ ಎಂಬ ವಾದ ಬೇರೆ. ಹಳ್ಳಿ ಹಳ್ಳಿಯ ಪಹಣಿಯನ್ನು ಮುಟ್ಟುವ ಬದಲಾವಣೆಯೊಂದು ಸದನದ ಚರ್ಚೆಗೆ ಮುನ್ನವೇ ಜಾರಿಯಾಗಿಬಿಟ್ಟರೆ ಶಾಸಕರು ಆಮೇಲೆ ಬಂದು ಕೂರುವುದಾದರೂ ಯಾತಕ್ಕೆ?

ಬೇರೆ ರೀತಿಯಲ್ಲಿಯೂ ಕೆಲಸ ಮಾಡಬಹುದೆಂಬುದನ್ನು ತಮ್ಮ ಅವಧಿಯ ಸದನವೇ ತೋರಿಸಿದೆ. ಗ್ರೇಟರ್ ಬೆಂಗಳೂರು ಆಡಳಿತ ವಿಧೇಯಕ 2024ರ ಜುಲೈನಲ್ಲಿ ಮಂಡನೆಯಾದಾಗ ಅದನ್ನು ಜಂಟಿ ಪರಿಶೀಲನಾ ಸಮಿತಿಗೆ ಒಪ್ಪಿಸಲಾಯಿತು. ರಿಜ್ವಾನ್ ಅರ್ಷದ್ ಅವರ ಅಧ್ಯಕ್ಷತೆಯ ಆ ಸಮಿತಿ ನಾಗರಿಕರ, ತಜ್ಞರ ಮಾತು ಕೇಳಿ ವರದಿ ಕೊಟ್ಟಿತು. 2025ರ ಮಾರ್ಚ್‌ನಲ್ಲಿ ಸದನ ಅಂಗೀಕರಿಸಿತು. ಮೇ 15ರಿಂದ ಕಾಯ್ದೆ ಜಾರಿಗೆ ಬಂತು. ಬೆಂಗಳೂರನ್ನು ಹೋಳು ಮಾಡುವುದಕ್ಕೆ ನನ್ನ ಸಮ್ಮತಿಯಿಲ್ಲ. ಆದರೆ ಆ ಕಾಯ್ದೆ ಬಂದ ದಾರಿಯ ಬಗ್ಗೆ ದೂರಲು ನನ್ನಂಥವನಿಗೂ ಹೆಚ್ಚೇನೂ ಸಿಗುವುದಿಲ್ಲ. ಕೇರಳದಲ್ಲಿ ವಿಧೇಯಕಗಳು ವಿಷಯ ಸಮಿತಿಗಳ ಪರಿಶೀಲನೆಗೆ ಹೋಗುವುದು ವಾಡಿಕೆ. ನಮ್ಮಲ್ಲಿ ಅದು ಅಪವಾದ. ಬೆಂಗಳೂರಿಗೆ ಸಿಕ್ಕ ಸಮಿತಿಯ ಭಾಗ್ಯ ರೈತರ, ಕಾರ್ಮಿಕರ, ಸಹಕಾರ ಸಂಘಗಳ ಕಾನೂನುಗಳಿಗೆ ಯಾಕೆ ಸಿಗಬಾರದು?

ಸಾರ್ವಜನಿಕ ಗ್ಯಾಲರಿಯಲ್ಲಿ ಕೂತೋ, ನೇರ ಪ್ರಸಾರದಲ್ಲೋ ವಿಧೇಯಕದ ಅಂಗೀಕಾರವನ್ನು ನೋಡಿದವರಿಗೆ ಆ ಕ್ರಮದ ಪರಿಚಯವಿದೆ. ಮಂತ್ರಿಗಳು ಎದ್ದು, ವಿಧೇಯಕವನ್ನು ಪರ್ಯಾಲೋಚಿಸಬೇಕೆಂದು ಸೂಚಿಸುತ್ತಾರೆ. ಒಂದೆರಡು ಮಾತಿನಲ್ಲಿ ಉದ್ದೇಶ ಹೇಳುತ್ತಾರೆ. ಆಮೇಲೆ ಪೀಠದಿಂದ ಖಂಡ 2ರಿಂದ ಇಂತಿಷ್ಟರವರೆಗೆ, ಖಂಡ 1, ಪ್ರಸ್ತಾವನೆ, ದೀರ್ಘ ಶೀರ್ಷಿಕೆ ಎಂದು ಒಂದೇ ಉಸಿರಿನಲ್ಲಿ ಓದಲಾಗುತ್ತದೆ. ಹೌದು ಎನ್ನುವವರು ಹೌದು ಎನ್ನಬೇಕು, ಇಲ್ಲ ಎನ್ನುವವರು ಇಲ್ಲ ಎನ್ನಬೇಕು. ಉತ್ತರ ಕೇಳಿಸಿತೋ ಇಲ್ಲವೋ ಎನ್ನುವಷ್ಟರಲ್ಲಿ ವಿಧೇಯಕ ಅಂಗೀಕಾರವಾಗಿರುತ್ತದೆ. ಆ ಹೊತ್ತಿನಲ್ಲಿ ಹಿಂದಿನ ಸಾಲುಗಳಲ್ಲಿ ಒಬ್ಬರು ಇನ್ನೊಬ್ಬರ ಆಸನದ ಬಳಿ ನಿಂತು ಅರ್ಜಿಗೆ ಮಂತ್ರಿಗಳ ಸಹಿ ಪಡೆಯುತ್ತಿರುತ್ತಾರೆ. ಇದು ಒಂದು ಪಕ್ಷದ, ಒಂದು ಅಧಿವೇಶನದ ಚಿತ್ರವಲ್ಲ. ಯಾವ ವರ್ಷದ ದೃಶ್ಯಾವಳಿಯನ್ನು ತೆಗೆದರೂ ಸಿಗುತ್ತದೆ. ಪ್ರತಿ ವಿಧೇಯಕಕ್ಕೆ ಎಷ್ಟು ನಿಮಿಷ ಸಂದಿತು ಎಂಬ ಲೆಕ್ಕವನ್ನು ಸಚಿವಾಲಯ ಪ್ರಕಟಿಸಿದರೆ, ಈ ಬಗ್ಗೆ ಯಾರೂ ಲೇಖನ ಬರೆಯಬೇಕಾಗುವುದಿಲ್ಲ.

ದಿನಗಳ ಲೆಕ್ಕಕ್ಕೆ ಬರುತ್ತೇನೆ. ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕೆಂದು ನಮ್ಮದೇ ವಿಧಾನಮಂಡಲ 2005ರಲ್ಲಿ ಕಾಯ್ದೆ ಮಾಡಿಕೊಂಡಿದೆ. ದೆಹಲಿಯ ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಕರ್ನಾಟಕ ವಿಧಾನಸಭೆ ಸೇರಿದ್ದು 40 ದಿನ; ಅದೇ ವರ್ಷ ಕೇರಳದಲ್ಲಿ 61 ದಿನ. 2022ರಲ್ಲಿ ನಮ್ಮದು 45 ದಿನ, ಮತ್ತು ಆ ವರ್ಷ ದೇಶದ ರಾಜ್ಯಗಳಲ್ಲೆಲ್ಲ ಅದೇ ಅತಿ ಹೆಚ್ಚು. ನಾವು ಮೊದಲ ಸ್ಥಾನದಲ್ಲಿದ್ದೇವೆಂದು ಹಿಗ್ಗಬಹುದು; ಆದರೆ ಆ ಮೊದಲ ಸ್ಥಾನವೇ ನಮ್ಮ ಕಾಯ್ದೆ ಹೇಳಿದ್ದಕ್ಕಿಂತ 15 ದಿನ ಹಿಂದಿದೆ. ಸಾಮಾನ್ಯ ಪ್ರಜೆ ಕಾಯ್ದೆ ಪಾಲಿಸದಿದ್ದರೆ ದಂಡವಿದೆ. ಕಾಯ್ದೆ ಮಾಡಿದ ಸದನವೇ ತನ್ನ ಕಾಯ್ದೆಯನ್ನು ಪಾಲಿಸದಿದ್ದರೆ ಕನಿಷ್ಠ ಪಕ್ಷ ಕಾರಣವನ್ನಾದರೂ ಹೇಳಬೇಕಲ್ಲವೇ? ನಾಲ್ಕು ಲಕ್ಷ ಕೋಟಿ ರೂಪಾಯಿ ದಾಟಿದ ಬಜೆಟ್ಟಿನ ಇಲಾಖಾವಾರು ಬೇಡಿಕೆಗಳನ್ನು ಮೂರು ವಾರದ ಅಧಿವೇಶನದಲ್ಲಿ, ಪ್ರಶ್ನೋತ್ತರ, ಶೂನ್ಯವೇಳೆ, ಗದ್ದಲ ಎಲ್ಲ ಕಳೆದು ಉಳಿದ ಹೊತ್ತಿನಲ್ಲಿ ಪರಿಶೀಲಿಸಲು ಎಂಥ ಮೇಧಾವಿಗೂ ಆಗುವುದಿಲ್ಲ.

ಬೆಳಗಾವಿಯ ಚಳಿಗಾಲದ ಅಧಿವೇಶನದ ಮಾತು ಬೇರೆಯೇ ಇದೆ. 2012ರಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಯಾದಾಗ ಉತ್ತರ ಕರ್ನಾಟಕದ ಜನ ಇಟ್ಟುಕೊಂಡ ನಿರೀಕ್ಷೆ, ಅಲ್ಲಿನ ಕೃಷ್ಣಾ, ಮಹದಾಯಿ, ಕಬ್ಬಿನ ಬಾಕಿಯ ಚರ್ಚೆ ಮೊದಲ ದಿನಗಳಲ್ಲಿಯೇ ನಡೆಯುತ್ತದೆಂದು. ಕೊನೆಯ ದಿನಗಳಿಗೆ ಆ ಚರ್ಚೆ ಜಾರುವುದು, ಅಷ್ಟರಲ್ಲಿ ಸದಸ್ಯರು ಊರಿನ ದಾರಿ ಹಿಡಿದಿರುವುದು, ಖಾಲಿ ಆಸನಗಳಿಗೆ ಮಂತ್ರಿಗಳು ಉತ್ತರ ಹೇಳುವುದು: ಈ ದೂರನ್ನು ಆ ಭಾಗದ ಶಾಸಕರೇ ಪಕ್ಷಭೇದವಿಲ್ಲದೆ ಹೇಳುತ್ತ ಬಂದಿದ್ದಾರೆ. 2024ರ ಡಿಸೆಂಬರ್‌ನಲ್ಲಿ ಅಲ್ಲಿ ಅನುಭವ ಮಂಟಪದ ತೈಲಚಿತ್ರ ಅನಾವರಣವಾಯಿತು. ಚಿತ್ರ ಸುಂದರವಾಗಿದೆ. ಅದರಲ್ಲಿ ಎಲ್ಲರೂ ಕೂತು ಕೇಳುತ್ತಿದ್ದಾರೆ.

ಶಾಸಕರ ಪರವಾಗಿಯೂ ಹೇಳಬೇಕಾದ್ದಿದೆ. ಸದನ ನಡೆಯುವ ದಿನವೂ ಶಾಸಕರು ಮದುವೆಗೆ ಬರಲಿಲ್ಲ, ತಿಥಿಗೆ ಬರಲಿಲ್ಲ, ಜಾತ್ರೆಯ ತೇರಿಗೆ ಬರಲಿಲ್ಲ ಎಂದು ಮುನಿಸಿಕೊಳ್ಳುವವರು ನಾವೇ. ವರ್ಗಾವಣೆಯ ಪತ್ರ, ಆಸ್ಪತ್ರೆಯ ಬಿಲ್ಲು, ಪಡಿತರ ಚೀಟಿ, ಬೋರ್‌ವೆಲ್ ಎಂದು ಬೆಳಿಗ್ಗೆ ಏಳಕ್ಕೇ ಶಾಸಕರ ಮನೆಯ ಮುಂದೆ ಸಾಲುಗಟ್ಟುವವರೂ ನಾವೇ. ‘ನಮ್ಮ ಎಮ್ಮೆಲ್ಲೆ ವಿಧಾನಸಭೆಯಲ್ಲಿ ಒಂದು ವಿಧೇಯಕಕ್ಕೆ ಒಳ್ಳೆಯ ತಿದ್ದುಪಡಿ ತಂದರು’ ಎಂದು ಯಾವ ಊರಿನ ಹರಟೆಕಟ್ಟೆಯಲ್ಲೂ ನಾನು ಕೇಳಿಲ್ಲ. ಕೇಳಿಸದಿರುವುದಕ್ಕೆ ಒಂದು ಕಾರಣ, ಅದು ಯಾರಿಗೂ ತಿಳಿಯುವುದೇ ಇಲ್ಲ. ರಸ್ತೆಗೆ ಫಲಕವಿದೆ, ಬಸ್ ನಿಲ್ದಾಣಕ್ಕೆ ಹೆಸರಿದೆ. ರಾತ್ರಿ ಕೂತು ವಿಧೇಯಕ ಓದಿ, ತಿದ್ದುಪಡಿ ಸೂಚನೆ ಕೊಟ್ಟು, ಖಾಲಿ ಸದನದಲ್ಲಿ ಅದನ್ನು ಮಂಡಿಸಿ ಸೋತ ಸದಸ್ಯನ ಶ್ರಮಕ್ಕೆ ಯಾವ ಫಲಕವೂ ಇಲ್ಲ. ಅಂಥವರು ಎಲ್ಲ ಪಕ್ಷದಲ್ಲೂ ಇದ್ದಾರೆ. ದಾಖಲೆ ಪ್ರಕಟವಾದರೆ ಮೊದಲ ಲಾಭ ಅವರಿಗೇ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಹೀಗಿದೆ. ಮೊದಲನೆಯದಾಗಿ, ಪ್ರತಿ ಅಧಿವೇಶನ ಮುಗಿದ ಹದಿನೈದು ದಿನದೊಳಗೆ ಸದಸ್ಯವಾರು, ದಿನವಾರು ಹಾಜರಾತಿಯನ್ನು, ಮಧ್ಯಾಹ್ನದ ನಂತರದ ಹಾಜರಾತಿಯನ್ನು ಬೇರೆಯಾಗಿ ತೋರಿಸಿ, ಕನ್ನಡದಲ್ಲಿ ಜಾಲತಾಣದಲ್ಲಿ ಪ್ರಕಟಿಸಬೇಕು. ಮಂತ್ರಿಗಳಿಗೆ ಇದರಲ್ಲಿ ವಿನಾಯಿತಿ ಬೇಡ. ತಮ್ಮ ಇಲಾಖೆಯ ಪ್ರಶ್ನೆ ಬಂದ ದಿನ ಅವರು ಸದನದಲ್ಲಿದ್ದರೇ ಎಂಬುದು ಉಳಿದವರ ಹಾಜರಾತಿಗಿಂತ ಮುಖ್ಯ. ಅನಾರೋಗ್ಯದಿಂದಲೋ ಮನೆಯ ಕಷ್ಟದಿಂದಲೋ ರಜೆ ಪಡೆದವರ ಹೆಸರಿನ ಮುಂದೆ ‘ಅನುಮತಿಯೊಂದಿಗೆ’ ಎಂದು ಬರೆದರೆ ಯಾರಿಗೂ ಅನ್ಯಾಯವಾಗುವುದಿಲ್ಲ. ಸಮಿತಿ ಸಭೆಗಳ ಹಾಜರಾತಿಯೂ ಇದರೊಂದಿಗೆ ಸೇರಬೇಕು. ಅಲ್ಲಿ ಕ್ಯಾಮೆರಾಗಳಿಲ್ಲ, ಗ್ಯಾಲರಿಯೂ ಇಲ್ಲ. ಲೆಕ್ಕಪತ್ರ ಸಮಿತಿಯಂಥ ಕಡೆ ನಿಜವಾದ ಕೆಲಸ ನಡೆಯುವುದು, ಅಥವಾ ನಡೆಯದಿರುವುದು, ಅಲ್ಲಿಯೇ.

ವಿಧೇಯಕಗಳ ವಿಷಯದಲ್ಲಿ, ಮಂಡನೆಗೆ ಮುನ್ನವೇ ಕನ್ನಡ ಪ್ರತಿಯನ್ನು ಜನರಿಗೆ ಸಿಗುವಂತೆ ಮಾಡಬೇಕು. ಮಂಡನೆಗೂ ಪರ್ಯಾಲೋಚನೆಗೂ ನಡುವೆ ಕನಿಷ್ಠ ಮೂರು ದಿನದ ಅಂತರ ಇರಬೇಕು. ತುರ್ತೆಂದು ಪೂರಕ ಕಾರ್ಯಸೂಚಿಯಲ್ಲಿ ತರುವುದಾದರೆ ಆ ತುರ್ತು ಏನೆಂದು ಸಂಬಂಧಿಸಿದ ಮಂತ್ರಿಗಳು ಸದನದಲ್ಲಿ ಹೇಳಬೇಕು, ಅದನ್ನು ಒಪ್ಪಬೇಕೋ ಬೇಡವೋ ಎಂಬುದನ್ನು ಪೀಠ ನಿರ್ಧರಿಸಬೇಕು. ಅಂಗೀಕಾರವಾದ ಪ್ರತಿ ವಿಧೇಯಕಕ್ಕೂ ಒಂದು ಪುಟದ ದಾಖಲೆ ಸಾಕು: ಎಂದು ಮಂಡನೆಯಾಯಿತು, ಸಮಿತಿಗೆ ಹೋಯಿತೇ, ಎಷ್ಟು ಹೊತ್ತು ಚರ್ಚೆಯಾಯಿತು, ಯಾರು ಮಾತಾಡಿದರು, ಯಾವ ತಿದ್ದುಪಡಿ ಬಂತು, ಆ ಹೊತ್ತಿಗೆ ಎಷ್ಟು ಮಂದಿ ಒಳಗಿದ್ದರು. ಕೊನೆಯ ಅಂಶಕ್ಕೆ ಕ್ಯಾಮೆರಾ ಈಗಾಗಲೇ ಇದೆ. ಸದಸ್ಯರ ವೇತನ ಮತ್ತು ಭತ್ಯೆಗೆ ಸಂಬಂಧಿಸಿದ ವಿಧೇಯಕಗಳನ್ನು ಮಾತ್ರ ಯಾವ ಕಾರಣಕ್ಕೂ ಧ್ವನಿಮತಕ್ಕೆ ಬಿಡದೆ, ಹೆಸರು ಸಹಿತ ಮತವಿಭಜನೆಗೆ ಹಾಕಬೇಕು. ಪೀಠದ ಮೇಲೆ ಕಾಗದ ಬೀಳುತ್ತಿರುವಾಗ ಯಾವ ವಿಧೇಯಕವನ್ನೂ ಮತಕ್ಕೆ ಹಾಕದೆ ಮರುದಿನಕ್ಕೆ ಮುಂದೂಡುವ ಪರಿಪಾಠ ತಮ್ಮಿಂದ ಶುರುವಾಗಲಿ. ಗದ್ದಲ ಎಬ್ಬಿಸಿದರೆ ವಿಧೇಯಕ ತಡೆಯಬಹುದೆಂದು ವಿರೋಧ ಪಕ್ಷ ಇದನ್ನು ದುರುಪಯೋಗಪಡಿಸಿಕೊಳ್ಳಬಹುದು ಎಂಬ ಆಕ್ಷೇಪ ಬರುತ್ತದೆ, ಮತ್ತು ಅದರಲ್ಲಿ ಹುರುಳಿದೆ. ಒಂದು ದಿನದ ಮುಂದೂಡಿಕೆಗಿಂತ ಹೆಚ್ಚು ಬೇಡ. ಅಷ್ಟರಲ್ಲಿ ಎರಡೂ ಕಡೆಯವರ ರಕ್ತದ ಬಿಸಿ ಇಳಿದಿರುತ್ತದೆ.

ವರ್ಷದ ಕೊನೆಗೆ ಸದನ ಸೇರಿದ ದಿನಗಳೆಷ್ಟು, 60ಕ್ಕೆ ಕಡಿಮೆಯಾಗಿದ್ದರೆ ಯಾಕೆ ಎಂಬ ಹೇಳಿಕೆಯನ್ನು ಸರ್ಕಾರದಿಂದ ಪಡೆದು ಸದನದ ಮುಂದೆ ಇಡಿಸಬೇಕೆಂಬುದು ಇನ್ನೊಂದು ಕೋರಿಕೆ.

ಇವುಗಳಲ್ಲಿ ಯಾವುದಕ್ಕೂ ಹೊಸ ಕಾಯ್ದೆ ಬೇಕಿಲ್ಲ. ಕಾರ್ಯವಿಧಾನದ ನಿಯಮಗಳನ್ನು ಮಾಡಿಕೊಳ್ಳುವ ಅಧಿಕಾರವನ್ನು 208ನೇ ವಿಧಿ ಸದನಕ್ಕೇ ಕೊಟ್ಟಿದೆ; ಬಹುಪಾಲು ಸಂಗತಿಗಳು ನಿಯಮದ ತಿದ್ದುಪಡಿಯೂ ಇಲ್ಲದೆ ತಮ್ಮ ನಿರ್ದೇಶನದಿಂದಲೇ ಆಗುವಂಥವು. ಹಾಜರಾತಿ ಪ್ರಕಟಿಸಿದರೆ ಸದಸ್ಯರ ಹಕ್ಕುಚ್ಯುತಿಯಾಗುತ್ತದೆ ಎಂದು ಯಾರಾದರೂ ಹೇಳಬಹುದು. 194ನೇ ವಿಧಿ ಸದಸ್ಯರು ಸದನದಲ್ಲಿ ಆಡಿದ ಮಾತಿಗೆ, ಹಾಕಿದ ಮತಕ್ಕೆ ರಕ್ಷಣೆ ಕೊಡುತ್ತದೆ. ಬಾರದೇ ಇದ್ದದ್ದನ್ನು ಮುಚ್ಚಿಡುವ ಹಕ್ಕನ್ನು ಅದರಲ್ಲಿ ನಾನು ಎಲ್ಲೂ ಕಾಣೆ. 2025ರ ಸೆಪ್ಟೆಂಬರ್‌ನಲ್ಲಿ ಕಾಮನ್‌ವೆಲ್ತ್ ಸಂಸದೀಯ ಸಂಘದ ಭಾರತ ವಲಯದ ಸಮ್ಮೇಳನ ತಮ್ಮ ಆತಿಥ್ಯದಲ್ಲಿ ಬೆಂಗಳೂರಿನಲ್ಲಿ ನಡೆದು, ಶಾಸನ ಸಭೆಗಳಲ್ಲಿ ಚರ್ಚೆಯ ಗುಣಮಟ್ಟ ಮತ್ತು ಜನರ ವಿಶ್ವಾಸವೇ ಅದರ ಮುಖ್ಯ ವಿಷಯವಾಗಿತ್ತು. ದೇಶದ ಪೀಠಾಧಿಪತಿಗಳನ್ನೆಲ್ಲ ಕರೆದು ಆ ಮಾತು ಆಡಿದ ಸದನ, ಅದನ್ನು ಮೊದಲು ತನ್ನಲ್ಲಿ ನಡೆಸಿ ತೋರಿಸಲಿ ಎಂದು ಕೇಳುವುದು ಅತಿಯಾಗಲಾರದು. ವಿಧಾನ ಪರಿಷತ್ತಿನ ಮಾನ್ಯ ಸಭಾಪತಿಗಳಲ್ಲಿಯೂ ಇದೇ ಮನವಿಯಿದೆ. 75 ಸದಸ್ಯರ ಆ ಸದನಕ್ಕೆ ಇದು ಇನ್ನೂ ಸುಲಭ.

ಎಲ್ಲವೂ ಒಮ್ಮೆಗೇ ಆಗಲಾರದೆಂಬುದು ಗೊತ್ತಿದೆ. ಬರುವ ಅಧಿವೇಶನದಿಂದ ಹಾಜರಾತಿಯ ಪಟ್ಟಿಯೊಂದನ್ನಾದರೂ ಪ್ರಕಟಿಸಲು ಸಚಿವಾಲಯಕ್ಕೆ ನಿರ್ದೇಶನ ಕೊಡಬೇಕೆಂದೂ, ಆಗದಿದ್ದರೆ ಯಾಕೆ ಆಗದೆಂದು ಸದನದಲ್ಲಿಯೇ ತಿಳಿಸಬೇಕೆಂದೂ ಕೋರುತ್ತೇನೆ. ಪಟ್ಟಿ ಪ್ರಕಟವಾದಾಗ ನಮ್ಮ ಕ್ಷೇತ್ರದ ಪುಟವನ್ನು ಅಚ್ಚು ಹಾಕಿಸಿ, ತಾಲ್ಲೂಕಿನ ಸಾರ್ವಜನಿಕ ಗ್ರಂಥಾಲಯದಲ್ಲೂ ಒಪ್ಪುವ ಕಾಲೇಜುಗಳ ಸೂಚನಾ ಫಲಕಗಳಲ್ಲೂ ಹಾಕಿಸುವ ಕೆಲಸವನ್ನು ನಾನು ಮತ್ತು ನನ್ನ ಕೆಲವು ಹಳೆಯ ವಿದ್ಯಾರ್ಥಿಗಳು ವಹಿಸಿಕೊಳ್ಳುತ್ತೇವೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ರಾಜ್ಯಶಾಸ್ತ್ರ ಉಪನ್ಯಾಸಕ ಹಾಗೂ ಮತದಾರ,
ದಾವಣಗೆರೆ ಜಿಲ್ಲೆ.